ಮಗಳು ತಾನೇ ಹಾಕಿಕೊಳ್ಳುವ ಶೂ, ಎಂ.ಜಿ. ರಸ್ತೆ ಪಕ್ಕದ ಗಲ್ಲಿಯಲ್ಲಿ ಸಿಕ್ಕಿದ್ದು

ಕಪ್ಪು ಸ್ಕೂಲ್ ಶೂ, ಎರಡು ವೆಲ್ಕ್ರೋ ಪಟ್ಟಿ, ಒಂಬತ್ತನೇ ಸೈಜ್, ಬೆಲೆ 480 ರೂಪಾಯಿ. ಕಂಪನಿ ಹೆಸರು ನಾನೂ ಕೇಳಿರಲಿಲ್ಲ. ತಗೊಂಡು ನಾಲ್ಕು ತಿಂಗಳಾಯಿತು. ನನ್ನ ನಾಲ್ಕು ವರ್ಷದ ಮಗಳು ಬೆಳಗ್ಗೆ ಬಾಗಿಲ ಮೆಟ್ಟಿಲ ಮೇಲೆ ಕೂತು ತಾನೇ ಹಾಕಿಕೊಳ್ಳುತ್ತಾಳೆ. ಎಡ ಬಲ ಕೂಡ ಸರಿಯಾಗಿ, ಹತ್ತರಲ್ಲಿ ಒಂಬತ್ತು ದಿನ. ಅಷ್ಟಕ್ಕೇ ನಾನು ಐದಕ್ಕೆ ನಾಲ್ಕು ಕೊಟ್ಟೆ.

ಇದಕ್ಕೂ ಮುಂಚೆ ಎರಡು ಜೊತೆ ದಂಡ ಆಗಿದ್ದವು. ಒಂದು ಆನ್‌ಲೈನಲ್ಲಿ ತರಿಸಿದ್ದು, ಹಿಮ್ಮಡಿಯಲ್ಲಿ ಲೈಟ್ ಮಿಣಮಿಣ ಅನ್ನುತ್ತೆ, ಫೋಟೋದಲ್ಲಿ ನೋಡಿದರೆ ಯಾರಿಗಾದರೂ ಆಸೆ ಆಗಬೇಕು. ಬಂದ ಮೇಲೆ ನೋಡಿದರೆ ಶೂ ಬಾಯಿ ಇಷ್ಟೇ ಇಷ್ಟು! ನಾಲಿಗೆಯನ್ನು ಎರಡೂ ಕಡೆ ಹೊಲಿದುಬಿಟ್ಟಿದ್ದರು, ಪಟ್ಟಿ ಬಿಚ್ಚಿದರೂ ಅಗಲ ಆಗುತ್ತಿರಲಿಲ್ಲ. ಇನ್ನೊಂದು ಲೇಸ್ ಶೂ, ಶಾಲೆಯವರು ಹೇಳಿದ ಕಡೆಯೇ ತಗೊಂಡಿದ್ದು. ಎಲ್‌ಕೆಜಿ ಮಕ್ಕಳಿಗೆ ಲೇಸ್ ಯಾಕೆ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಲೇಸ್ ಗಂಟು ಸಾಮಾನ್ಯವಾಗಿ ಐದಾರು ವರ್ಷಕ್ಕೆ ಬರುವ ವಿದ್ಯೆ, ಎರಡು ಕೈಯೂ ಒಂದೇ ಹೊತ್ತಿಗೆ ಬೇರೆ ಬೇರೆ ಕೆಲಸ ಮಾಡಬೇಕು ಅಲ್ವಾ. ವೆಲ್ಕ್ರೋ ಆದರೆ ಮೂರು ನಾಲ್ಕಕ್ಕೇ ಸಾಧ್ಯ. ಹೀಗಾಗಿ ಬೆಳಗ್ಗೆ ಎಂಟು ಗಂಟೆಗೆ ವ್ಯಾನ್‌ನವರು ಹಾರ್ನ್ ಹೊಡೆಯುತ್ತಿದ್ದರೆ ಒಂದು ಕಾಲು ಅತ್ತೆ ಹಿಡಿದುಕೊಳ್ಳುತ್ತಿದ್ದರು, ಇನ್ನೊಂದು ನಾನು, ಕುದುರೆಗೆ ಲಾಳ ಹೊಡೆಯುವ ಹಾಗೆ. ಅವಳು ಮಾತ್ರ ಆರಾಮಾಗಿ ಟಿವಿ ನೋಡುತ್ತಿದ್ದಳು.

ಅಂಗಡಿ ತುಂಬ ಚಿಕ್ಕದು. ಬೋರ್ಡಿನ ಅಕ್ಷರ ಅರ್ಧ ಮಾಸಿದೆ. ಸ್ಕೂಟರ್ ನಿಲ್ಲಿಸಲು ಜಾಗವೇ ಇಲ್ಲ, ನಾನು ದೂರದಲ್ಲಿ ನಿಲ್ಲಿಸಿ ನಡೆದು ಬಂದೆ. ಒಳಗೆ ಒಂದು ಗಿಡ್ಡ ಮರದ ಸ್ಟೂಲ್ ಇದೆ. ಯಜಮಾನರಿಗೆ ಅರವತ್ತು ದಾಟಿರಬೇಕು. ಮಗಳನ್ನು ಅದರ ಮೇಲೆ ಕೂರಿಸಿ ಶೂ ಮುಂದೆ ಇಟ್ಟು ಸುಮ್ನೆ ನಿಂತರು. ನಾನು ಬಗ್ಗಿ ಹಾಕಲು ಹೋದೆ. "ಬಿಡಮ್ಮ, ಅವಳೇ ಹಾಕ್ಕೊಳ್ಳಲಿ, ನೋಡೋಣ" ಅಂದರು. ನನಗೆ ಸ್ವಲ್ಪ ಮುಜುಗರ ಆಯಿತು, ಹಿಂದೆ ಇನ್ನಿಬ್ಬರು ಗಿರಾಕಿಗಳು ಕಾಯುತ್ತಿದ್ದರು. ಗಿಡ್ಡ ಸ್ಟೂಲಿನ ಗುಟ್ಟು ಆಮೇಲೆ ಗೊತ್ತಾಯಿತು. ಸೋಫಾ ಮೇಲೆ ಕೂತರೆ ಮಗುವಿನ ಕಾಲು ನೆಲಕ್ಕೆ ತಾಗುವುದಿಲ್ಲ, ಒತ್ತಲು ಆಗುವುದಿಲ್ಲ. ಪಾದ ಪೂರ್ತಿ ನೆಲಕ್ಕೆ ಊರಿದರೆ ಮಾತ್ರ ಹಿಮ್ಮಡಿ ಒಳಗೆ ಇಳಿಯುತ್ತದೆ.

ಆರು ಜೊತೆ ತೆಗೆದರು. ಒಂದರಲ್ಲಿ ಪಟ್ಟಿ ಸಣ್ಣ ಬಳೆಯಂಥದ್ದರ ಒಳಗೆ ತೂರಿ ಹಿಂದಕ್ಕೆ ಮಡಚಿಕೊಳ್ಳುತ್ತಿತ್ತು. ನೋಡಲು ಗಟ್ಟಿಮುಟ್ಟು. ಮಗಳು ಜೋರಾಗಿ ಎಳೆದಳು, ಪಟ್ಟಿ ಬಳೆಯಿಂದ ಹೊರಗೇ ಬಂತು, ಮತ್ತೆ ತೂರಿಸಲು ಬರಲಿಲ್ಲ, ಮುಖ ಸಪ್ಪಗಾಯಿತು. ಯಜಮಾನರು ಏನೂ ಹೇಳದೆ ಅದನ್ನು ಡಬ್ಬಿಗೆ ಹಾಕಿ ಪಕ್ಕಕ್ಕಿಟ್ಟರು. ಕೊನೆಗೆ ನಾವು ತಗೊಂಡಿದ್ದರಲ್ಲಿ ಬಳೆ ಇಲ್ಲ, ಪಟ್ಟಿ ನೇರವಾಗಿ ಮೇಲೆ ಅಂಟುತ್ತದೆ. ಬಾಯಿ ಅಗಲ, ನಾಲಿಗೆ ಮುಂದಕ್ಕೆ ಪೂರ್ತಿ ಮಡಚಬಹುದು. ಹಿಂದೆ ಬೆರಳು ತೂರಿಸಿ ಎಳೆಯಲು ಒಂದು ಕುಣಿಕೆ ಇದೆ. ನನ್ನ ಲೆಕ್ಕದಲ್ಲಿ ಆ ಕುಣಿಕೆಗೇ ಇನ್ನೂರು ರೂಪಾಯಿ ಕೊಡಬಹುದು.

ಸೈಜ್ ವಿಷಯದಲ್ಲಿ ಸಣ್ಣ ಜಗಳವೂ ಆಯಿತು. ಮುಂದಿನ ವರ್ಷಕ್ಕೂ ಆಗಲಿ ಅಂತ ನಾನು ಹನ್ನೊಂದು ಕೇಳಿದೆ. ನಮ್ಮಪ್ಪ ನಮಗೆ ಹಾಗೇ ತರುತ್ತಿದ್ದರು, ಮುಂದೆ ಹತ್ತಿ ತುರುಕಿ. ಇವರು ಕೊಡಲಿಲ್ಲ. ಒಂದು ಸೈಜ್ ಅಂದರೆ ಇಂಚಿನ ಮೂರನೇ ಒಂದು ಭಾಗ, ಸುಮಾರು ಎಂಟೂವರೆ ಮಿಲಿಮೀಟರ್. ಎರಡು ಸೈಜ್ ದೊಡ್ಡದಾದರೆ ಹೆಜ್ಜೆ ಹೆಜ್ಜೆಗೂ ಹಿಮ್ಮಡಿ ಕಳಚುತ್ತದೆ, ಮಗು ಎಡವುತ್ತದೆ. ಅವಳನ್ನು ಹಾಳೆಯ ಮೇಲೆ ನಿಲ್ಲಿಸಿ ಎರಡೂ ಪಾದದ ಗೆರೆ ಎಳೆದರು. ಕೂತಾಗಲ್ಲ, ನಿಂತಾಗಲೇ ಅಳೆಯಬೇಕು, ಭಾರ ಬಿದ್ದಾಗ ಪಾದ ಹರಡಿಕೊಳ್ಳುತ್ತದೆ. ನನ್ನ ಮಗಳ ಬಲಗಾಲು ಒಂಚೂರು ಉದ್ದ, ಅದಕ್ಕೇ ಹೊಂದಿಸಿ ಕೊಟ್ಟರು. ಬೆರಳ ಮುಂದೆ ನನ್ನ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಿತು, ಸಾಕು.

ಮನೆಯಲ್ಲಿ ಕಲಿಸುವಾಗ ನಾನು ಕೊನೆಯಿಂದ ಶುರು ಮಾಡಿದೆ. ಮೊದಲ ವಾರ ಎಲ್ಲಾ ನಾನೇ ಹಾಕಿ, ಪಟ್ಟಿ ಅಂಟಿಸುವುದೊಂದನ್ನೇ ಅವಳಿಗೆ ಬಿಟ್ಟೆ. ಆಮೇಲೆ ಹಿಮ್ಮಡಿ ಒತ್ತುವುದು, ಧಪ್ ಅಂತ ನೆಲಕ್ಕೆ ಗುದ್ದುವುದು ಅವಳಿಗೆ ಬಹಳ ಇಷ್ಟ. ಕೊನೆಗೆ ಕಾಲು ತೂರಿಸುವುದು. ದಿನಾ ಕೆಲಸ ಮುಗಿಸುವವಳು ಅವಳೇ ಆದ್ದರಿಂದ "ನಾನೇ ಹಾಕ್ಕೊಂಡೆ" ಅಂತ ಮೊದಲ ದಿನದಿಂದಲೂ ಹೇಳಿಕೊಂಡು ತಿರುಗಿದಳು. ಬಿಚ್ಚುವುದನ್ನು ಯಾರೂ ಕಲಿಸಬೇಕಾಗಿಲ್ಲ ಬಿಡಿ, ಅದು ಎಲ್ಲ ಮಕ್ಕಳಿಗೂ ಮೊದಲೇ ಬರುತ್ತದೆ, ಬೇಡದ ಜಾಗದಲ್ಲೇ ಬರುತ್ತದೆ. ಎಡ ಬಲಕ್ಕೆ ಒಂದು ಆನೆ ಸ್ಟಿಕರ್ ತಗೊಂಡು ನಡುವೆ ಕತ್ತರಿಸಿ ಅರ್ಧರ್ಧ ಎರಡೂ ಶೂ ಒಳಗೆ ಅಂಟಿಸಿದೆ. ಆನೆ ಪೂರ್ತಿ ಕಂಡರೆ ಸರಿ, ಸೊಂಡಿಲು ಹೊರಗಡೆ ಹೋದರೆ ಅದಲುಬದಲು. ಕಷ್ಟ ಆಗಿದ್ದು ಅತ್ತೆಯವರದ್ದು. "ಪಾಪ, ಮಗು ಎಷ್ಟು ಹೊತ್ತು ಬಗ್ಗುತ್ತೆ" ಅಂತ ಕೈ ಹಾಕಿಬಿಡುತ್ತಿದ್ದರು. ಹತ್ತು ನಿಮಿಷ ಮುಂಚೆ ಎಬ್ಬಿಸಿದ ಮೇಲೆ ಅವರ ಅವಸರವೂ ಕಡಿಮೆ ಆಯಿತು. ಈಗ ಪಕ್ಕದ ಮನೆಯವರಿಗೆ ತಾವೇ ಕಲಿಸಿದ್ದು ಅಂತ ಹೇಳುತ್ತಾರೆ. ಹೇಳಲಿ.

ವೆಲ್ಕ್ರೋ ಇನ್ನೂ ಚೆನ್ನಾಗಿ ಹಿಡಿಯುತ್ತದೆ, ಆದರೆ ಕೂದಲು, ನೂಲು, ದೂಳು ಸೇರಿದರೆ ಬಿಡುತ್ತದೆ. ವಾರಕ್ಕೊಮ್ಮೆ ಸೇಫ್ಟಿ ಪಿನ್ನಿನಲ್ಲಿ ತೆಗೆಯಿರಿ. ಕಳೆದ ತಿಂಗಳು ಗುಬ್ಬಿ ಹತ್ತಿರದ ನಮ್ಮ ತೋಟಕ್ಕೆ ಹೋಗಿದ್ದಾಗ ಕಾಲುಚೀಲದ ತುಂಬ ಉತ್ತರಾಣಿ ಅಂಟಿಸಿಕೊಂಡು ಬಂದು "ಅಮ್ಮಾ, ವೆಲ್ಕ್ರೋ!" ಅಂದಳು. ಅವಳು ಹೇಳಿದ್ದು ತಪ್ಪೇನಲ್ಲ. ಸ್ವಿಟ್ಜರ್ಲೆಂಡಿನ ಜಾರ್ಜ್ ಡಿ ಮೆಸ್ಟ್ರಾಲ್ ಅನ್ನುವ ಎಂಜಿನಿಯರ್‌ಗೆ 1941ರಲ್ಲಿ ಇದು ಹೊಳೆದಿದ್ದೂ ನಾಯಿ ಮೈಗೆ ಅಂಟಿದ ಇಂಥದ್ದೇ ಒಂದು ಕಾಯಿ ನೋಡಿ.

ಒಂದು ಮಾರ್ಕು ಕಡಿಮೆ ಯಾಕೆ ಅಂದರೆ, ಮೂರನೇ ತಿಂಗಳಿಗೆ ಬಲಗಾಲಿನ ಮುಂದೆ ಸೋಲ್ ಬಾಯಿ ಬಿಟ್ಟಿತು. ಸೈಕಲ್‌ಗೆ ಅವಳು ಕಾಲಲ್ಲೇ ಬ್ರೇಕ್ ಹಾಕುತ್ತಾಳೆ, ಅದೂ ನಿಜ. ಯಜಮಾನರು ದುಡ್ಡು ತಗೊಳ್ಳದೆ ಗಮ್ ಹಾಕಿ ಒತ್ತಿ ಕೊಟ್ಟರು. ಒಳಗಿನ ಕಪ್ಪು ಬಣ್ಣ ಮೊದಲ ಮಳೆಗೆ ಬಿಳಿ ಕಾಲುಚೀಲಕ್ಕೆ ಹತ್ತಿತು, ಇನ್ನೂ ಹೋಗಿಲ್ಲ.

ಹೋಗುವವರು ಸಂಜೆ ಹೋಗಿ, ಆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ, ಅಳತೆ ಸರಿಯಾಗಿ ಸಿಗುತ್ತದೆ. ಶಾಲೆಗೆ ಹಾಕುವ ಕಾಲುಚೀಲವನ್ನೇ ತಗೊಂಡು ಹೋಗಿ. ಮೇ ಕೊನೆ, ಜೂನ್ ಮೊದಲ ವಾರ ಮಾತ್ರ ಬೇಡ. ಸ್ಟೂಲ್ ಒಂದೇ ಇರುವುದು.