ಗಡಿ ಹೊಲದಿಂದ ತುರ್ತು ಕರೆ: ಮೊಬೈಲನ್ನು ಆರು ವರ್ಷ ನೆಚ್ಚಿಕೊಂಡ ಅನುಭವ

ಪಾವಗಡ ತಾಲ್ಲೂಕಿನಲ್ಲಿ, ಆಂಧ್ರದ ಗಡಿಗೆ ಅಂಟಿಕೊಂಡಂತೆ ನಮ್ಮ ಕಡಲೆಕಾಯಿ ಹೊಲವಿದೆ. ಆರು ವರ್ಷಗಳಲ್ಲಿ ಅಲ್ಲಿಂದ ತುರ್ತು ಸಹಾಯದ 112ಕ್ಕೆ ಮೂರು ಸಲ, ಆಂಬ್ಯುಲೆನ್ಸಿನ 108ಕ್ಕೆ ಎರಡು ಸಲ ಮೊಬೈಲಿನಿಂದ ಕರೆ ಮಾಡಿದ್ದೇನೆ. ಐದೂ ಸಲ ಉತ್ತರ ಸಿಕ್ಕಿತು, ಮಾತಾಡಿದವರೆಲ್ಲರೂ ಸಮಾಧಾನದಿಂದ ಕೇಳಿಸಿಕೊಂಡರು. ಆದರೆ ಕರೆ ಹೋಗುವುದೇ ಬೇರೆ, ಗಾಡಿ ನಮ್ಮ ಬದುವಿಗೆ ಬಂದು ನಿಲ್ಲುವುದೇ ಬೇರೆ.

ಕಳೆದ ವರ್ಷ ಕಳೆ ಕೀಳುತ್ತಿದ್ದ ನಮ್ಮ ಚಿಕ್ಕಮ್ಮನವರಿಗೆ ಹಾವು ಕಚ್ಚಿತು. ಫೋನಿನ ಪರದೆಯಲ್ಲಿ ‘ತುರ್ತು ಕರೆಗಳು ಮಾತ್ರ’ ಎಂದಿತ್ತು. ನಮ್ಮ ಸಿಮ್‌ನ ಕಂಪನಿಯ ಟವರ್ ಸಿಗದಿದ್ದಾಗ ಫೋನು ಬೇರೆ ಕಂಪನಿಯ ಟವರ್ ಹಿಡಿದು 112ನ್ನು ಮಾತ್ರ ದಾಟಿಸುತ್ತದೆ. ಯಾವ ಟವರೂ ಇಲ್ಲದ ಕಡೆ ಅದೂ ಆಗದು. ಅಂದು ಸಿಕ್ಕಿದ್ದು ಗಡಿಯಾಚೆಯ ಟವರ್, ಆದ್ದರಿಂದ ಕರೆ ಆಂಧ್ರಕ್ಕೆ ಹೋಯಿತು. ನಮ್ಮ ಕಡೆ ಎಲ್ಲರಿಗೂ ತೆಲುಗು ಬರುವುದರಿಂದ ಮಾತಿಗೆ ತೊಡಕಾಗಲಿಲ್ಲವಾದರೂ, ನಾವಿರುವುದು ಕರ್ನಾಟಕದಲ್ಲಿ ಎಂದು ತಿಳಿಸಿ ವಿವರವನ್ನು ಈ ಕಡೆಗೆ ತಲುಪಿಸುವಷ್ಟರಲ್ಲಿ ಬೆಲೆ ಕಟ್ಟಲಾಗದ ನಿಮಿಷಗಳು ಕಳೆದುಹೋದವು. ಇದಕ್ಕಿಂತ ದೊಡ್ಡ ತೊಂದರೆಯೆಂದರೆ, ಇಂಥ ಕರೆ ಕಡಿದುಹೋದರೆ ಅವರು ನಮಗೆ ತಿರುಗಿ ಕರೆ ಮಾಡಲಾಗದು. ದಾರಿ ಕೇಳಲು ಯಾರಾದರೂ ಪ್ರಯತ್ನಿಸುತ್ತಿದ್ದರೋ ಏನೋ, ನನ್ನ ಫೋನು ಮಾತ್ರ ಸದ್ದಿಲ್ಲದೆ ಕೈಯಲ್ಲಿತ್ತು. ಕೊನೆಗೆ ಪಕ್ಕದ ಹೊಲದವರ ಬೈಕಿನಲ್ಲಿ ಚಿಕ್ಕಮ್ಮನವರನ್ನು ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆವು. ಅವರು ಉಳಿದರು.

ನಾವಿರುವ ಜಾಗ ಮೊಬೈಲಿನಿಂದ ತಾನಾಗಿಯೇ ತಿಳಿಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಟವರಿನಿಂದ ತಿಳಿಯುವುದು ಅದರ ವ್ಯಾಪ್ತಿ ಮಾತ್ರ, ಹಳ್ಳಿಗಾಡಿನಲ್ಲಿ ಅದು ಕೆಲವು ಕಿಲೋಮೀಟರ್ ಆಗಬಹುದು. 112ರ ಆ್ಯಪ್ ನಿಖರವಾದ ಜಾಗ ಕಳಿಸುವುದಾದರೂ ಅದಕ್ಕೆ ಇಂಟರ್‌ನೆಟ್ ಬೇಕು. ತಿರುಮಣಿಯ ಸುತ್ತಮುತ್ತ ಇರುವವರು ‘ಸೋಲಾರ್ ಪಾರ್ಕ್ ಪಕ್ಕ’ ಎಂದರೆ ಏನೂ ಹೇಳಿದಂತಾಗುವುದಿಲ್ಲ. ಆ ಪ್ಯಾನೆಲ್‌ಗಳು ಸುಮಾರು 13,000 ಎಕರೆಗೆ ಹರಡಿಕೊಂಡಿವೆ, ಎಲ್ಲಿ ನಿಂತರೂ ಒಂದೇ ಬಗೆಯ ಸಾಲುಗಳು.

ಹೊಸ ಮೊಬೈಲುಗಳಲ್ಲೆಲ್ಲ ತುರ್ತು ಕರೆಯ ಗುಂಡಿ ಇರಬೇಕೆಂದು 2017ರಿಂದ ಬಂದ ನಿಯಮ ಒಳ್ಳೆಯದೇ. ಅಪ್ಪನ ಕೀಪ್ಯಾಡ್ ಫೋನಿನಲ್ಲಿ 5ನ್ನು ಒತ್ತಿ ಹಿಡಿದರೆ ಸಾಕು. ಆದರೆ ಗುಂಡಿ ಒತ್ತಿದ ಮೇಲೂ ಜಾಗವನ್ನು ಬಾಯಿಬಿಟ್ಟು ಹೇಳಲೇಬೇಕು.

ಆದ್ದರಿಂದ ಮೋಟಾರ್ ಮನೆಯ ಗೋಡೆಯಲ್ಲಿ, ಸ್ಟಾರ್ಟರ್ ಪೆಟ್ಟಿಗೆಯ ಪಕ್ಕ, ಊರು, ಹೋಬಳಿ, ತಾಲ್ಲೂಕು, ಜಿಲ್ಲೆ, ಡಾಂಬರು ರಸ್ತೆ ಬಿಟ್ಟು ತಿರುಗಬೇಕಾದ ಬೇವಿನ ಮರ, ಇಷ್ಟನ್ನೂ ಕೆಂಪು ಬಣ್ಣದಲ್ಲಿ ಬರೆಸಿದ್ದೇನೆ. ಅದರ ಕೆಳಗೆ, ನಮ್ಮ ರಾಜ್ಯದ ಸಿಗ್ನಲ್ ಬರುವುದು ಬಾವಿಯ ಆಚೆಯ ಬಂಡೆಯ ಮೇಲೆ ಎಂದಿದೆ. ಓದು ಬಾರದ ಕೂಲಿಯವರಿಗೆ ಆ ಬಂಡೆಯನ್ನು ಮೊದಲ ದಿನವೇ ತೋರಿಸುತ್ತೇವೆ.