ನ್ಯೂ ಸೌತ್ ವೇಲ್ಸ್‌ನ ಶಾರ್ಕ್ ಬಲೆ: ಐದಕ್ಕೆ ಒಂದು ಸ್ಟಾರ್, ಅದೂ ಹಳೇ ಮರ್ಯಾದೆಗೆ

ಹೋಟೆಲಿಗೆ, ಫೋನಿಗೆ ಸ್ಟಾರ್ ಕೊಡುತ್ತೇವೆ. ತೆರಿಗೆ ದುಡ್ಡಲ್ಲಿ ನಡೆಯುವ ಸೇವೆಗೆ ಯಾಕೆ ಕೊಡಬಾರದು? ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಸರ್ಕಾರ ನ್ಯೂಕ್ಯಾಸಲ್‌ನಿಂದ ವುಲಂಗಾಂಗ್‌ವರೆಗಿನ 51 ಬೀಚುಗಳಲ್ಲಿ ಶಾರ್ಕ್ ಬಲೆ ಹಾಕಿಸುತ್ತದೆ. ಸಿಡ್ನಿಯಲ್ಲಿ ಇದು ಶುರುವಾದದ್ದು 1937ರಲ್ಲಿ. ಸೆಪ್ಟೆಂಬರ್ ಬಂತೆಂದರೆ ಬಲೆ ನೀರಿಗಿಳಿಯುತ್ತದೆ, ಅಲ್ಲಿನ ಬೇಸಿಗೆಯೆಲ್ಲ ನೀರಲ್ಲೇ ಇರುತ್ತದೆ.

ಮೊದಲು ಒಂದು ವಿಷಯ ಹೇಳಿಬಿಡಬೇಕು. ಈಜಲು ಬರುವ ಬಹಳಷ್ಟು ಜನ ಇದನ್ನು ಬೇಲಿ ಅಂದುಕೊಂಡಿದ್ದಾರೆ. ದಡದಿಂದ ದಡಕ್ಕೆ ಕಟ್ಟಿರುತ್ತಾರೆ, ಒಳಗೆ ನಾವು, ಹೊರಗೆ ಶಾರ್ಕ್ ಅಂತ. ಹಾಗೇನೂ ಇಲ್ಲ. ಒಂದು ಬಲೆ 150 ಮೀಟರ್ ಉದ್ದ, 6 ಮೀಟರ್ ಎತ್ತರ. ಅದನ್ನು ಸುಮಾರು 10 ಮೀಟರ್ ಆಳದ ನೀರಲ್ಲಿ, ಮೇಲೆ ಜಾಗ ಬಿಟ್ಟು ಇಳಿಸುತ್ತಾರೆ. ಸಿಡ್ನಿಯ ಬಾಂಡೈ ಬೀಚ್ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಇದೆ, ಲೆಕ್ಕ ನೀವೇ ಹಾಕಿ. ಕಾಂಪೌಂಡೇ ಇಲ್ಲದ ಮೈದಾನದ ನಡುವೆ ಒಂದು ಗೇಟು ನಿಲ್ಲಿಸಿದ ಹಾಗೆ. ಶಾರ್ಕ್ ಮೇಲಿಂದಲೂ ಬರಬಹುದು, ಪಕ್ಕದಿಂದಲೂ ಬರಬಹುದು. ಬಲೆಗೆ ಬೀಳುವ ಶಾರ್ಕುಗಳಲ್ಲಿ ಸುಮಾರು ಶೇ 40ರಷ್ಟು ದಡದ ಕಡೆಯಿಂದ ಸಿಕ್ಕಿಕೊಳ್ಳುತ್ತವೆ, ಅಂದರೆ ಆಗಲೇ ಒಳಗೆ ಬಂದು ವಾಪಸ್ ಹೊರಟಿದ್ದವು!

ಹಾಗಾದರೆ ಇದು ಏನು? ಮೀನು ಹಿಡಿಯುವ ಬಲೆ, ಅಷ್ಟೇ. ಕಣ್ಣಿನ ಅಗಲ 60 ಸೆಂಟಿಮೀಟರ್. ಇದರ ಕೆಲಸ ತಡೆಯುವುದಲ್ಲ, ಹಿಡಿದು ಸಾಯಿಸುವುದು. ಗುರಿ ಇಟ್ಟಿರುವುದು ಬಿಳಿ ಶಾರ್ಕ್, ಟೈಗರ್ ಶಾರ್ಕ್, ಬುಲ್ ಶಾರ್ಕ್ ಈ ಮೂರಕ್ಕೆ. ಆದರೆ ಬಲೆಗೆ ಅದೆಲ್ಲ ಗೊತ್ತಾಗುತ್ತದಾ? 2023-24ರ ಸೀಸನ್ನಿನಲ್ಲಿ ಸಿಕ್ಕಿದ್ದು 255 ಪ್ರಾಣಿಗಳು, ಅದರಲ್ಲಿ ಬೇಕಾದ ಶಾರ್ಕ್ ಬರೀ 15. ಮಿಕ್ಕಿದ್ದೆಲ್ಲ ತೊರಕೆ, ಕಡಲಾಮೆ, ಡಾಲ್ಫಿನ್, ಯಾರಿಗೂ ತೊಂದರೆ ಕೊಡದ ಸಣ್ಣಪುಟ್ಟ ಶಾರ್ಕುಗಳು. ಗ್ರೇ ನರ್ಸ್ ಶಾರ್ಕ್ ಕೂಡ ಇದಕ್ಕೆ ಬೀಳುತ್ತದೆ. ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿ ಅದು ಅಳಿವಿನ ಅಂಚಿಗೆ ಬಂದಿರುವ ಮೀನು, ಅದನ್ನು ಉಳಿಸಬೇಕು ಅಂತ ಕಾನೂನು ಇರುವುದೂ ಅಲ್ಲೇ.

ಸಾವು ಹೇಗೆ ಬರುತ್ತದೆ ಅನ್ನುವುದನ್ನೂ ನೋಡಿ. ಡಾಲ್ಫಿನ್ನಿಗೂ ಆಮೆಗೂ ಉಸಿರಾಡಲು ಮೇಲೆ ಬರಲೇಬೇಕು. ರೆಕ್ಕೆ ಸಿಕ್ಕಿಹಾಕಿಕೊಂಡು ಎಳೆದಾಡಿದಷ್ಟೂ ದಾರ ಬಿಗಿಯುತ್ತದೆ, ತಲೆಯ ಮೇಲೆ ನಾಲ್ಕೈದು ಮೀಟರ್ ದೂರದಲ್ಲಿ ಗಾಳಿ ಇದ್ದರೂ ಅಲ್ಲಿಯವರೆಗೆ ಹೋಗಲಾಗುವುದಿಲ್ಲ. ಬಿಳಿ ಶಾರ್ಕ್, ಹ್ಯಾಮರ್‌ಹೆಡ್ ತರಹದವು ಈಜುತ್ತಲೇ ಇದ್ದರೆ ಮಾತ್ರ ಕಿವಿರಿಗೆ ಸಾಕಷ್ಟು ನೀರು ಹರಿಯುತ್ತದೆ, ನಿಂತರೆ ಮುಗಿಯಿತು. ಬಲೆ ನೋಡಲು ದೋಣಿ ಬರುತ್ತಿದ್ದದ್ದು ಬಹಳ ಕಾಲ ಮೂರು ದಿನಕ್ಕೊಮ್ಮೆ.

ಬಲೆ ಬಂದ ಮೇಲೆ ಸಾವು ಕಡಿಮೆಯಾಗಿದೆ ಅಂತ ಪರವಾಗಿ ಇರುವವರು ಹೇಳುತ್ತಾರೆ. ನಿಜ, ಕಡಿಮೆಯಾಗಿದೆ. ಆದರೆ ಅಷ್ಟು ವರ್ಷಗಳಲ್ಲಿ ಲೈಫ್‌ಗಾರ್ಡ್‌ಗಳು ಹೆಚ್ಚಾದರು, ಹೆಲಿಕಾಪ್ಟರ್ ಬಂತು, ರಕ್ತ ನಿಲ್ಲಿಸುವ ಕಿಟ್‌ಗಳು ಬಂದವು. ಇದರಲ್ಲಿ ಬಲೆಯ ಪಾಲು ಎಷ್ಟು? 2009ರಲ್ಲಿ ಬಲೆ ಇರುವ ಬಾಂಡೈನಲ್ಲೇ ಒಬ್ಬ ಸರ್ಫರ್‌ಗೆ ಶಾರ್ಕ್ ಕಚ್ಚಿತು. 2019ರಲ್ಲಿ ಪಕ್ಕದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಕೇಸಿನಲ್ಲಿ ನ್ಯಾಯಮಂಡಳಿ, ಶಾರ್ಕ್ ಕೊಲ್ಲುವುದರಿಂದ ಅಪಾಯ ಕಡಿಮೆಯಾಗುವುದಿಲ್ಲ ಅನ್ನುವ ವಾದವನ್ನು ಒಪ್ಪಿ, ಗ್ರೇಟ್ ಬ್ಯಾರಿಯರ್ ರೀಫ್ ಪಾರ್ಕಿನೊಳಗೆ ಕೊಲ್ಲುವುದನ್ನು ನಿಲ್ಲಿಸಿ ಅಂತ ಹೇಳಿತು. ಅಲ್ಲಿನ ಸರ್ಕಾರ ಅಪೀಲು ಹೋಗಿ ಸೋತಿತು.

ಈಗ ನ್ಯೂ ಸೌತ್ ವೇಲ್ಸ್ ಸರ್ಕಾರದ ಇನ್ನೊಂದು ಸೇವೆಗೆ ಬರೋಣ, ಅದಕ್ಕೆ ನಾನು ನಾಲ್ಕು ಸ್ಟಾರ್ ಕೊಡುತ್ತೇನೆ. ಸ್ಮಾರ್ಟ್ ಡ್ರಮ್‌ಲೈನ್. ರಾಜ್ಯದಲ್ಲಿ ಇಂಥವು 305 ಇವೆ. ಲಂಗರು, ತೇಲುವ ಬೋಯೆ, ಗಾಳಕ್ಕೆ ಒಂದು ಮೀನು. ಶಾರ್ಕ್ ಕಚ್ಚಿ ಎಳೆದ ಕೂಡಲೇ ಬೋಯೆಗೆ ಅಂಟಿದ ಅಯಸ್ಕಾಂತ ಕಳಚುತ್ತದೆ, ಉಪಗ್ರಹದ ಮೂಲಕ ಮೆಸೇಜ್ ಹೋಗುತ್ತದೆ. ಅರ್ಧ ಗಂಟೆಯೊಳಗೆ ದೋಣಿ ಅಲ್ಲಿರಬೇಕು. ಶಾರ್ಕನ್ನು ದೋಣಿಯ ಪಕ್ಕಕ್ಕೆ ಕಟ್ಟಿ, ಅಳತೆ ತೆಗೆದು, ಟ್ಯಾಗ್ ಹಾಕಿ, ಕಿಲೋಮೀಟರ್‌ನಷ್ಟು ಆಚೆ ಎಳೆದುಕೊಂಡು ಹೋಗಿ ಬಿಡುತ್ತಾರೆ. ಸಂಜೆ ಗಾಳಗಳನ್ನೆಲ್ಲ ಎತ್ತಿಬಿಡುತ್ತಾರೆ, ರಾತ್ರಿಯೆಲ್ಲ ಏನೂ ನೇತಾಡುತ್ತಿರುವುದಿಲ್ಲ.

ಟ್ಯಾಗ್ ಬಿದ್ದ ಶಾರ್ಕ್ ಮುಂದೆ ಯಾವತ್ತಾದರೂ ಕರಾವಳಿಯ ರಿಸೀವರ್ ಹತ್ತಿರ ಸುಳಿದರೆ ಶಾರ್ಕ್‌ಸ್ಮಾರ್ಟ್ ಆಪ್‌ನಲ್ಲಿ ಸುದ್ದಿ ಬರುತ್ತದೆ. ಯಾವ ಜಾತಿ, ಯಾವ ಬೀಚು, ಎಷ್ಟು ಹೊತ್ತಿಗೆ, ಎಲ್ಲ ಇರುತ್ತದೆ. ಆಪ್ ಉಚಿತ. ಕೊರತೆ ಒಂದೇ, ಟ್ಯಾಗ್ ಇಲ್ಲದ ಶಾರ್ಕಿನ ಬಗ್ಗೆ ಆ ರಿಸೀವರ್‌ಗೆ ಏನೂ ಗೊತ್ತಾಗುವುದಿಲ್ಲ. ಆಪ್ ಸುಮ್ನೆ ಇದೆ ಅಂದರೆ ಸಮುದ್ರ ಖಾಲಿ ಅಂತ ಅಲ್ಲ.

ಡ್ರೋನ್‌ಗೂ ನಾಲ್ಕು. ಒಂದು ಪ್ರಾಣಿಯನ್ನೂ ಮುಟ್ಟದೆ ಕೆಲಸ ಮಾಡುತ್ತದೆ, ಕಂಡದ್ದು ಶಾರ್ಕೋ ಡಾಲ್ಫಿನ್ನೋ ಅಂತ ಪೈಲಟ್ ಇಳಿಸಿ ನೋಡಬಹುದು. ಮಳೆ ಬಂದು ನೀರು ಕೆಂಪಾದರೆ, ಗಾಳಿ ಜಾಸ್ತಿಯಾದರೆ ಉಪಯೋಗವಿಲ್ಲ.

ನಿಜವಾದ ಬೇಲಿಯೇ ಬೇಕು ಅನ್ನುವವರು ದಕ್ಷಿಣ ಆಫ್ರಿಕಾದ ಕೇಪ್ ಟೌನ್ ಹತ್ತಿರದ ಫಿಶ್ ಹೂಕ್ ನೋಡಬೇಕು. ಅಲ್ಲಿ 2013ರಿಂದ ಸಣ್ಣ ಕಣ್ಣಿನ ಬಲೆಯನ್ನು ಬೆಳಿಗ್ಗೆ ಹಾಕಿ ಸಂಜೆ ತೆಗೆಯುತ್ತಾರೆ, ಯಾವುದೂ ಸಿಕ್ಕಿಕೊಳ್ಳದ ಹಾಗೆ. ಗುಡ್ಡದ ಮೇಲೆ ಕೂತು ನೋಡುವ ಕಾವಲುಗಾರರೂ ಇದ್ದಾರೆ. ಶಾರ್ಕ್ ಕಂಡರೆ ಸೈರನ್, ಬಿಳಿ ಬಾವುಟ. ಆದರೆ ಇಂಥ ಬೇಲಿ ಶಾಂತ ನೀರಿಗೆ ಸರಿ, ಬಾಂಡೈನಂಥ ಅಲೆಗೆ ತಡೆಯುವುದು ಕಷ್ಟ.

2025ರಲ್ಲಿ ಮೂರು ಕೌನ್ಸಿಲ್‌ಗಳ ಬೀಚುಗಳಲ್ಲಿ ಬಲೆ ತೆಗೆದು ನೋಡುವ ಯೋಚನೆ ಇತ್ತು. ಸೆಪ್ಟೆಂಬರ್‌ನಲ್ಲಿ ಸಿಡ್ನಿಯಲ್ಲಿ ಒಬ್ಬ ಸರ್ಫರ್ ಶಾರ್ಕ್ ದಾಳಿಗೆ ಸತ್ತ ಮೇಲೆ ಅದು ನಿಂತಿತು. ಆ ಭಯ ಅರ್ಥವಾಗುತ್ತದೆ, ಯಾವ ಮಂತ್ರಿಯೂ ಆ ವಾರ ಬಲೆ ತೆಗೆಸುತ್ತಿರಲಿಲ್ಲ. ಆದರೂ ಬಲೆಯ ಉದ್ದ ಇನ್ನೂ 150 ಮೀಟರೇ. ಈಜಲು ಹೋಗುವವರು ಆಪ್ ಹಾಕಿಕೊಳ್ಳಿ, ಮಳೆಯ ಮರುದಿನ ನದಿ ಸೇರುವ ಕಡೆ ನೀರಿಗೆ ಇಳಿಯಬೇಡಿ, ಬುಲ್ ಶಾರ್ಕಿಗೆ ಕೆಸರು ನೀರು ಬಹಳ ಇಷ್ಟ.