ಬೈಕ್ ಇನ್ಶೂರೆನ್ಸ್‌ಗೆ ಮೂರು ಕಡೆ ರೇಟ್ ಕೇಳಿದೆ

2020ರ ಜೂನ್‌ನಲ್ಲಿ ತಗೊಂಡ 125 ಸಿಸಿ ಬೈಕು. ಆಗ ಶೋರೂಮ್‌ನಲ್ಲೇ ಕಟ್ಟಿದ್ದ ಐದು ವರ್ಷದ ಥರ್ಡ್ ಪಾರ್ಟಿ (ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ನಷ್ಟದ ವಿಮೆ) 2025ರ ಜೂನ್‌ಗೆ ಮುಗೀತು. ನಮ್ಮ ಗಾಡಿ ಡ್ಯಾಮೇಜಿನ ಭಾಗವನ್ನು ಶೋರೂಮ್‌ನವರೇ ವರ್ಷಾವರ್ಷ ಫೋನ್ ಮಾಡಿ ರಿನ್ಯೂ ಮಾಡಿಸುತ್ತಿದ್ದರು, ನಾನು ಕೇಳಿದಷ್ಟು ಕಳಿಸಿ ಸುಮ್ಮನಾಗುತ್ತಿದ್ದೆ. ಈ ಸಲ 2,118 ರೂಪಾಯಿ ಅಂದಾಗ ಹಳೇ ಪಾಲಿಸಿ ಕಾಗದ ಹುಡುಕಿ ಓದೋಕೆ ಕೂತೆ.

ತೀರ್ಥಹಳ್ಳಿಯಲ್ಲಿ ಸರ್ಕಾರಿ ಕಂಪನಿಯ ಏಜೆಂಟ್ ಒಬ್ಬರಿದ್ದಾರೆ. ಅವರು ಹೇಳಿದ್ದು 1,606. ಮೊಬೈಲ್ ಆ್ಯಪ್ ಒಂದರಲ್ಲಿ ನಂಬರ್ ಹಾಕಿದ ತಕ್ಷಣ ದಪ್ಪ ಅಕ್ಷರದಲ್ಲಿ 955. ಅರ್ಧಕ್ಕಿಂತ ಕಮ್ಮಿ! ಆದರೆ ಬಿಡಿಸಿ ನೋಡಿದರೆ ಮೂರೂ ಬೇರೆ ಬೇರೆ ಸಾಮಾನಿನ ರೇಟು.

ಥರ್ಡ್ ಪಾರ್ಟಿಯಲ್ಲಿ ಚೌಕಾಸಿಗೆ ಜಾಗವೇ ಇಲ್ಲ. 75ರಿಂದ 150 ಸಿಸಿವರೆಗಿನ ಬೈಕಿಗೆ 714 ರೂಪಾಯಿ, 2022ರ ಜೂನ್‌ನಿಂದ ಕೇಂದ್ರ ಸರ್ಕಾರದ್ದೇ ದರ. ಶೇ 18 ಜಿಎಸ್‌ಟಿ ಸೇರಿ 843. ಯಾರ ಹತ್ರ ಹೋದರೂ ಇಷ್ಟೇ. ಏರಿಳಿಯೋದೆಲ್ಲ ಉಳಿದದ್ದರಲ್ಲಿ.

ಉಳಿದದ್ದರಲ್ಲಿ ದೊಡ್ಡದು ಐಡಿವಿ, ಅಂದರೆ ವಿಮೆಯ ಲೆಕ್ಕಕ್ಕೆ ಗಾಡಿಗೆ ಕಟ್ಟುವ ಬೆಲೆ. ಗಾಡಿ ಕಳುವಾದರೆ, ಇಲ್ಲಾ ರಿಪೇರಿಗೆ ಬಾರದಷ್ಟು ಜಜ್ಜಿಹೋದರೆ ಕೈಗೆ ಬರುವ ಮೊತ್ತ ಇದರ ಮೇಲೆ ನಿಂತಿದೆ. ಐದು ವರ್ಷ ದಾಟಿದ ಗಾಡಿಗೆ ಸವಕಳಿಯ ಪಟ್ಟಿ ಇಲ್ಲ, ನಾವೂ ಕಂಪನಿಯೂ ಒಪ್ಪಿದ್ದೇ ಬೆಲೆ. ಶೋರೂಮ್‌ನವರು 41,000 ಹಾಕಿದ್ದರು, ಏಜೆಂಟ್ 36,000, ಆ್ಯಪ್ 27,000. ಆ್ಯಪ್‌ನ ಅಗ್ಗದ ಗುಟ್ಟು ಇದೇ ಇರಬೇಕು ಅಂದುಕೊಂಡು, ಮೂಲೆಯಲ್ಲಿದ್ದ 'ಐಡಿವಿ ಬದಲಿಸಿ' ಒತ್ತಿ 36,000ಕ್ಕೆ ಎಳೆದೆ. 955 ಇದ್ದದ್ದು 992 ಆಯ್ತು. ಬರೀ 37 ರೂಪಾಯಿ! ಮಸಾಲೆ ದೋಸೆಯೂ ಬರದ ಆ ದುಡ್ಡು ಉಳಿಸೋಕೆ ಹೋಗಿ ಎಷ್ಟು ಜನ 9,000 ಬಿಟ್ಟುಕೊಟ್ಟಿದ್ದಾರೋ.

ಎರಡನೆಯದು ಪಿಎ, ಅಂದರೆ ಮಾಲೀಕ-ಸವಾರನ 15 ಲಕ್ಷದ ಅಪಘಾತ ವಿಮೆ. ಶೋರೂಮ್, ಏಜೆಂಟ್ ಇಬ್ಬರೂ ಸೇರಿಸಿದ್ದರು, ಜಿಎಸ್‌ಟಿ ಸೇರಿ 389. ಆ್ಯಪ್ ಸೇರಿಸಿರಲಿಲ್ಲ, ಕೊನೇ ಪುಟದಲ್ಲಿ ಕೇಳಿತು. ಇದು ಕಡ್ಡಾಯವೇ, ಆದರೆ 15 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಅಪಘಾತ ಪಾಲಿಸಿ ಬೇರೆ ಇದ್ದವರು ಮತ್ತೆ ತಗೋಬೇಕಿಲ್ಲ. ನನ್ನದು 20 ಲಕ್ಷದ್ದು ಬೇರೆಯೇ ಇದೆ, ಇಷ್ಟು ವರ್ಷ ಎರಡೆರಡು ಕಟ್ಟಿದ್ದೇನೆ. (ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ ಆಗುವ ಸುರಕ್ಷಾ ಬಿಮಾ ಇದಕ್ಕೆ ಸಾಲದು, ಅದು 2 ಲಕ್ಷದ್ದು.)

ಶೋರೂಮ್ ಬಿಲ್ಲಿನಲ್ಲಿ ರೋಡ್‌ಸೈಡ್ ಅಸಿಸ್ಟೆನ್ಸ್ (ದಾರಿಯಲ್ಲಿ ಗಾಡಿ ಕೆಟ್ಟರೆ ನೆರವು), ಕನ್ಸ್ಯೂಮಬಲ್ಸ್ (ರಿಪೇರಿಗೆ ಬೇಕಾದ ಆಯಿಲ್, ನಟ್ಟು-ಬೋಲ್ಟಿನ ಖರ್ಚು) ಅಂತ ಇನ್ನೊಂದು 460 ಕೂತಿತ್ತು. ಕೇಳಿದವರು ಯಾರು? "ಎಲ್ಲರಿಗೂ ಹಾಕ್ತೀವಿ ಸರ್" ಅಂದ ಹುಡುಗ. ಅದೂ ಬೇಡ, ಪಿಎನೂ ಬೇಡ ಅಂದೆ. ತಕರಾರಿಲ್ಲದೆ 1,269ಕ್ಕೆ ಇಳಿಸಿದ! ಅಂಗಡಿ ಬದಲಿಸದೆಯೇ 849 ರೂಪಾಯಿ ಕಮ್ಮಿ. ಏಜೆಂಟರದ್ದು ಪಿಎ ಬಿಟ್ಟು 1,217.

ಎನ್‌ಸಿಬಿ, ಅಂದರೆ ಕ್ಲೈಮ್ ಮಾಡದವರಿಗೆ ಗಾಡಿ ಡ್ಯಾಮೇಜಿನ ಭಾಗದಲ್ಲಿ ಸಿಗುವ ರಿಯಾಯಿತಿ, ಮೂವರೂ ಶೇ 50 ಕೊಟ್ಟರು, ಐದು ವರ್ಷದಲ್ಲಿ ಒಂದೂ ಕ್ಲೈಮ್ ಇಲ್ಲವಲ್ಲ. ಏಜೆಂಟ್ ಹಳೇ ಪಾಲಿಸಿ ಕೇಳಿ ಫೋಟೋ ತಗೊಂಡರು, ಆ್ಯಪ್‌ನಲ್ಲಿ ಒಂದು ಟಿಕ್ ಅಷ್ಟೇ. ಕ್ಲೈಮ್ ಮಾಡಿದವರು ಅಲ್ಲಿ ಸುಳ್ಳು ಟಿಕ್ ಹಾಕಿದರೆ ಮುಂದೆ ಕುತ್ತಿಗೆಗೆ ಬರುತ್ತದೆ. ಅವಧಿ ಮುಗಿದು 90 ದಿನದೊಳಗೆ ಕಟ್ಟದಿದ್ದರೆ ಎನ್‌ಸಿಬಿಯೂ ಹೋಯ್ತು.

ಹಾಗಾದರೆ 992ರ ಆ್ಯಪ್ಪೇ ತಗೋಬೇಕಿತ್ತು. ತಡೆದದ್ದು ನಮ್ಮ ಭಾವನ ಕಥೆ. ಅವರ ಬೈಕು ಮಳೆಗಾಲದಲ್ಲಿ ಜಾರಿ ಫೋರ್ಕ್ ಬೆಂಡಾದಾಗ ಆನ್‌ಲೈನ್ ಪಾಲಿಸಿಯ ಕ್ಯಾಶ್‌ಲೆಸ್ ಗ್ಯಾರೇಜ್ (ರಿಪೇರಿ ದುಡ್ಡನ್ನು ವಿಮಾ ಕಂಪನಿಯೇ ನೇರ ಕೊಡುವ ಗ್ಯಾರೇಜ್) ಇದ್ದದ್ದು ಶಿವಮೊಗ್ಗದಲ್ಲಿ. ಇಲ್ಲಿಂದ 60 ಕಿಲೋಮೀಟರ್ ಗೂಡ್ಸ್ ಆಟೋದಲ್ಲಿ ಹಾಕಿಸಿಕೊಂಡು ಹೋದರು. ಇಲ್ಲೇ ರಿಪೇರಿ ಮಾಡಿಸಿ ಬಿಲ್ ಅಪ್‌ಲೋಡ್ ಮಾಡಬಹುದಿತ್ತು, ಆದರೆ ಅದಕ್ಕೆ ಮೊದಲು ಕಂಪನಿಗೆ ತಿಳಿಸಬೇಕು, ಅವರ ಸರ್ವೇಯರ್ ಡ್ಯಾಮೇಜ್ ನೋಡಬೇಕು, ಆ ಗಡಿಬಿಡಿಯಲ್ಲಿ ಯಾರಿಗೆ ನೆನಪಾಗುತ್ತದೆ? ಶೋರೂಮಿನ ವರ್ಕ್‌ಶಾಪೂ ಶಿವಮೊಗ್ಗದಲ್ಲೇ.

"ಬಿದ್ದರೆ ಮೊದಲು ನಂಗೊಂದು ಫೋನ್ ಮಾಡಿ ಮಾರಾಯ್ರೇ, ಗಾಡಿ ಎತ್ತೋದು ಆಮೇಲೆ" ಅಂದರು ಏಜೆಂಟ್. ಆ್ಯಪ್‌ಗಿಂತ 225 ಹೆಚ್ಚು, ಅವರಿಗೇ ಕಟ್ಟಿದೆ. ನವೆಂಬರಿಗೆ ಹೆಂಡತಿಯ ಸ್ಕೂಟರಿನದ್ದು ಬರುತ್ತದೆ. ಅದು ಓಡುವುದೇ ಶಿವಮೊಗ್ಗದಲ್ಲಿ. ಅದಕ್ಕೆ ಆ್ಯಪ್ಪೇ, ಐಡಿವಿ ಮಾತ್ರ ನಾನೇ ಎಳೆಯುತ್ತೇನೆ.